ಕತ್ತರಿಸದೆ ಕೂಡಿಸಿಕೊಟ್ಟವರಿಗೆ

ಪಾಂಡವಪುರ ತಾಲ್ಲೂಕಿನ ನಮ್ಮ ಆಲೆಮನೆಯಲ್ಲಿ ಈ ಸಲದ ಬೆಲ್ಲದ ಹಂಗಾಮು ಮುಗಿದಿದೆ. ಗದ್ದೆಯಿಂದ ಗಾಣದವರೆಗೆ ಕಬ್ಬು ಹೊತ್ತದ್ದು ನಮ್ಮ ಮನೆಯ 1952ರ ವಿಲ್ಲಿಸ್ ಪಿಕಪ್. ಅದರ ಬಾನೆಟ್ಟಿನ ಕೆಳಗೆ ಈಗ ಇರುವುದು ಮಹೀಂದ್ರ ಥಾರ್‌ನಿಂದ ಬಿಚ್ಚಿ ತಂದ 2.5 ಲೀಟರಿನ ಸಿಆರ್‌ಡಿಇ, ಅಂದರೆ ಕಂಪ್ಯೂಟರಿನ ಹಿಡಿತದಲ್ಲಿ ಇಂಧನ ಸಿಂಪಡಿಸುವ ಕಾಮನ್ ರೈಲ್ ಡೀಸೆಲ್ ಎಂಜಿನ್. ಹಂಗಾಮು ತೊಡಗಿದ ದಿನದಿಂದ ಕೊನೆಯ ಕೊಪ್ಪರಿಗೆ ಇಳಿಸುವವರೆಗೂ ಗಾಡಿ ಒಮ್ಮೆಯೂ ಗದ್ದೆಯ ನಡುವೆ ಕೈಕೊಡಲಿಲ್ಲ. ಈ ಕೆಲಸದಲ್ಲಿ ಕೈಜೋಡಿಸಿದವರಿಗೆ ಮನೆಗೆ ಕರೆದು ಊಟ ಬಡಿಸಿದ್ದಾಗಿದೆ. ಆದರೆ ಅವರು ಮಾಡಿದ್ದು ಏನೆಂಬುದು ನಾಲ್ಕು ಜನಕ್ಕೆ ತಿಳಿಯಬೇಕೆಂದು ಇದನ್ನು ಬರೆಯುತ್ತಿದ್ದೇನೆ. ಅವರಲ್ಲಿ ಯಾರೂ ತಮ್ಮ ಹೆಸರು ಹಾಕಲು ಒಪ್ಪದ ಕಾರಣ ಕೆಲಸವನ್ನೇ ಹೆಸರಾಗಿ ಬಳಸಿದ್ದೇನೆ.

ಗಾಡಿಯನ್ನು ನಮ್ಮ ತಂದೆಯವರು ಕೊಡಗಿನ ಕಾಫಿ ತೋಟವೊಂದರಿಂದ ಕೊಂಡು ತಂದಿದ್ದರು. ಅಮೆರಿಕದ ಟೊಲೆಡೊದಲ್ಲಿ ವಿಲ್ಲಿಸ್-ಓವರ್‌ಲ್ಯಾಂಡ್ ಕಂಪನಿಯೂ ಆಮೇಲೆ ಅದರ ಉತ್ತರಾಧಿಕಾರಿ ಕಂಪನಿಗಳೂ 1947ರಿಂದ 1965ರವರೆಗೆ ತಯಾರಿಸಿದ ಈ ಪಿಕಪ್ಪಿಗೆ ಯುದ್ಧಕಾಲದ ಜೀಪಿನ ಚಹರೆಯನ್ನು ಉಳಿಸಿಕೊಂಡು ರೂಪ ಕೊಟ್ಟವರು ಬ್ರೂಕ್ಸ್ ಸ್ಟೀವನ್ಸ್ ಎಂಬ ವಿನ್ಯಾಸಕಾರರು. ಇದರ ಮೂಲ ಎಂಜಿನ್ 2,199 ಸಿಸಿಯ, 72 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್. ಗಾಳಿ ಒಳಗೆಳೆಯುವ ವಾಲ್ವ್ ಮೇಲೆ ಮುಚ್ಚಳದಂತಿರುವ ಹೆಡ್ಡಿನಲ್ಲಿಯೂ ಹೊಗೆ ಬಿಡುವ ವಾಲ್ವ್ ಕೆಳಗೆ ಸಿಲಿಂಡರುಗಳಿರುವ ಬ್ಲಾಕಿನಲ್ಲಿಯೂ ಇರುವ ವಿಶಿಷ್ಟ ರಚನೆ ಅದರದು. ಬಿಸಿಯ ಪೆಟ್ಟು ಹೆಚ್ಚಾಗಿ ಬೀಳುವುದು ಬ್ಲಾಕಿನ ಆ ಜಾಗಕ್ಕೇ ಆದ್ದರಿಂದ ಕಡೆಗೆ ಬಿರುಕು ಬಿಟ್ಟದ್ದೂ ಅಲ್ಲಿಯೇ. ಹೆಡ್ ತೆಗೆದು ಸೀಮೆಎಣ್ಣೆಯಲ್ಲಿ ತೊಳೆದಾಗ ಮೂರನೆಯ ಸಿಲಿಂಡರಿನ ಎಕ್ಸಾಸ್ಟ್ ವಾಲ್ವಿನ ಸೀಟಿನಿಂದ ಪಿಸ್ಟನ್ ಆಡುವ ಬೋರಿನ ಕಡೆಗೆ ಕೂದಲೆಳೆಯಂತಹ ಕಪ್ಪು ಗೆರೆಯೊಂದು ಹರಿದಿತ್ತು. ಉಗುರು ಆಡಿಸಿದರೆ ಉಗುರಿಗೆ ತಾಗುತ್ತಿತ್ತು.

ಸುದ್ದಿ ತಿಳಿದು ಹಳೆಯ ಗಾಡಿ ಕೊಳ್ಳುವವರು ಮನೆಯ ತನಕ ಬಂದರು, ಒಳ್ಳೆಯ ಬೆಲೆಯನ್ನೂ ಹೇಳಿದರು. ನಮ್ಮ ತಾಯಿಯವರು ಅವರಿಗೆ ಮಜ್ಜಿಗೆ ಕೊಟ್ಟು ಕಳಿಸಿ, ದುಡಿಯುತ್ತಿದ್ದ ಗಾಡಿ ದುಡಿಯುತ್ತಲೇ ಇರಬೇಕು, ಅದಕ್ಕೆ ಏನು ಬೇಕೋ ಮಾಡಿಸು ಎಂದು ನನಗೆ ಹೇಳಿದರು. ಮೊದಲ ಕೃತಜ್ಞತೆ ಅವರಿಗೆ. ಎಂಜಿನ್ನಿಗೆ ಮುಂಗಡ ಕೊಟ್ಟದ್ದು ಅವರು ಕೂಡಿಟ್ಟಿದ್ದ ಬೆಲ್ಲದ ಹಣ. ಶ್ರೀರಂಗಪಟ್ಟಣದ ಬಳಿ ‘ಪಯಣ’ ಕಾರು ಸಂಗ್ರಹಾಲಯದಲ್ಲಿ ಹಳೆಯ ವಾಹನಗಳನ್ನು ಎಷ್ಟು ಚೆನ್ನಾಗಿ ಕಾಪಾಡಿದ್ದಾರೆಂಬುದನ್ನು ನೋಡಿ ಸಂತೋಷಪಟ್ಟವನು ನಾನು. ಅಂತಹ ರಕ್ಷಣೆಯ ಬೆಲೆ ಅರಿತೇ, ನಮ್ಮ ಗಾಡಿಯ ಪಾಲಿಗೆ ದುಡಿಮೆಯೇ ಹೆಚ್ಚಿನದೆಂಬ ತಾಯಿಯವರ ಮಾತನ್ನು ಒಪ್ಪಿದೆ.

ಎರಡನೆಯ ಕೃತಜ್ಞತೆ, ಮತ್ತು ಈ ಬರಹದ ಮುಖ್ಯ ಕಾರಣ, ಮೈಸೂರಿನ ಬನ್ನಿಮಂಟಪದ ಕಡೆ ಗ್ಯಾರೇಜ್ ಇಟ್ಟುಕೊಂಡಿರುವ ಹಿರಿಯ ಮೇಸ್ತ್ರಿಗಳಿಗೆ ಸಲ್ಲಬೇಕು. ಬೇರೆ ಕಡೆ ವಿಚಾರಿಸಿದಾಗ ಎಲ್ಲರೂ ಮೊದಲು ಗ್ಯಾಸ್ ಕಟ್ಟರಿನ ಮಾತಾಡಿದ್ದರು: ಗಾಡಿಯ ತಳದ ಚೌಕಟ್ಟಾದ ಚಾಸಿಯ ಅಡ್ಡಪಟ್ಟಿ ಕತ್ತರಿಸಬೇಕು, ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆಯಾದ ಫೈರ್‌ವಾಲ್ ಹಿಂದಕ್ಕೆ ಬಡಿಯಬೇಕು, ಎಂಜಿನ್ ಕೂರುವ ಹೊಸ ಮೌಂಟಿಂಗನ್ನು ಚಾಸಿಗೇ ವೆಲ್ಡ್ ಮಾಡಬೇಕು. ಮೇಸ್ತ್ರಿಗಳು ಗಾಡಿಯನ್ನು ಒಂದು ಸುತ್ತು ಹಾಕಿ, ಬಾನೆಟ್ ಎತ್ತಿ, ಇದೇ ಬಾನೆಟ್ಟಿನ ಕೆಳಗೆ 1954ರಿಂದ ಕಂಪನಿಯವರೇ ಆರು ಸಿಲಿಂಡರಿನ ಎಂಜಿನ್ ಕೂರಿಸಿದ್ದಾರೆ, ಹಾಗಿರುವಾಗ ನಾಲ್ಕು ಸಿಲಿಂಡರಿನ ಡೀಸೆಲ್ಲಿಗೆ ಉದ್ದ ಸಾಲದು ಅನ್ನುವುದು ಹೇಗೆ ಎಂದರು. ಚಾಸಿಯಲ್ಲಿ ಕಂಪನಿ ಕೊರೆದ ತೂತುಗಳನ್ನೇ ಬಳಸುವುದು, ಬೋಲ್ಟಿನಿಂದ ಮಾತ್ರ ಕೂಡಿಸುವುದು, ನಾಳೆ ಯಾರಾದರೂ ಹಳೆಯ ಎಂಜಿನ್ ಮರಳಿ ಇಡಬೇಕೆಂದರೆ ಸ್ಪ್ಯಾನರ್ ಹಿಡಿದು ಇಡುವಂತಿರಬೇಕು ಎಂಬ ಷರತ್ತನ್ನು ಹಾಕಿದವರು ಅವರು, ನಾನಲ್ಲ. ಈ ಷರತ್ತಿನಿಂದ ಅವರ ಕೆಲಸ ಎಷ್ಟೋ ಪಾಲು ಹೆಚ್ಚಾಯಿತು, ಕೂಲಿ ಮಾತ್ರ ಹೆಚ್ಚಾಗಲಿಲ್ಲ.

ಅವರ ಕೆಲಸದ ರೀತಿಯನ್ನು ಹತ್ತಿರದಿಂದ ನೋಡುವ ಭಾಗ್ಯ ನನಗೆ ಸಿಕ್ಕಿತು. ಗುಜರಿಯಿಂದ ತಂದ, ಒಳಗೆ ಏನೂ ಇಲ್ಲದ ಖಾಲಿ ಬ್ಲಾಕನ್ನು ಚೈನ್ ಪುಲ್ಲಿಗೆ ನೇತುಹಾಕಿ, ಎಂಜಿನ್ನಿನ ಬದಲು ಅದನ್ನೇ ಎತ್ತಿ ಇಳಿಸಿ ಜಾಗ ಗೊತ್ತುಮಾಡುತ್ತಿದ್ದರು. ಟರ್ಬೊ ಚಾಸಿಗೆ ತಾಗದಂತೆ, ಎಣ್ಣೆಯ ಸಂಪು ಮುಂದಿನ ಆಕ್ಸಲ್ಲಿಗೆ ಬಡಿಯದಂತೆ, ಫ್ಯಾನ್ ರೇಡಿಯೇಟರಿಗೆ ತೀರ ಹತ್ತಿರವಾಗದಂತೆ, ಕಡೆಗೆ ಗೇರ್‌ಬಾಕ್ಸಿನ ಬಾಲ ತಕ್ಕ ಇಳಿಜಾರಿನಲ್ಲಿ ಇರುವಂತೆ ಅದು ಕೂರಬೇಕಿತ್ತು. ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತಿತ್ತು. ರಟ್ಟಿನಲ್ಲಿ ಮೌಂಟಿಂಗಿನ ಆಕಾರ ಕತ್ತರಿಸಿ, ಹಿಡಿದು ನೋಡಿ, ಮತ್ತೆ ಕತ್ತರಿಸಿ, ಒಪ್ಪಿದ ಮೇಲಷ್ಟೇ ದಪ್ಪ ತಗಡಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ರಸಮಟ್ಟವನ್ನು ಒಮ್ಮೆ ಗೇರ್‌ಬಾಕ್ಸಿನ ಫ್ಲ್ಯಾಂಜಿನ (ಶಾಫ್ಟ್ ಕೂಡುವ ಮುಖದ) ಮೇಲೆ, ಒಮ್ಮೆ ಹಿಂದಿನ ಆಕ್ಸಲ್ಲಿನ ಹೌಸಿಂಗಿನ ಫ್ಲ್ಯಾಂಜಿನ ಮೇಲೆ ಇಟ್ಟು, ಎರಡೂ ಒಂದೇ ಕೋನದಲ್ಲಿವೆಯೇ ಎಂದು ನೋಡುತ್ತಿದ್ದ ಅವರ ತಾಳ್ಮೆ ನನಗೆ ಮರೆಯದು. ಆ ಎರಡು ಕೋನಗಳು ಹೊಂದದಿದ್ದರೆ ಗೇರ್‌ಬಾಕ್ಸಿನಿಂದ ಹಿಂದಿನ ಗಾಲಿಗಳ ಕಡೆಗೆ ಶಕ್ತಿ ಒಯ್ಯುವ ಪ್ರಾಪೆಲ್ಲರ್ ಶಾಫ್ಟ್ ಪ್ರತಿ ಸುತ್ತಿನಲ್ಲಿಯೂ ಏರುಪೇರಾಗಿ ತಿರುಗಿ, ತನ್ನ ಎರಡು ತುದಿಯ ಕೀಲುಗಳಾದ ಕ್ರಾಸುಗಳನ್ನು ತಿಂದುಹಾಕುತ್ತದೆ. ವಿಲ್ಲಿಸ್‌ನ ಹಿಂದಿನ ಹೌಸಿಂಗ್ ಗಾಡಿಯ ನಡುಗೆರೆಯಿಂದ ಒಂದು ಬದಿಗೆ ಸರಿದಿರುವುದರಿಂದ ಲೆಕ್ಕ ಇನ್ನಷ್ಟು ಸೂಕ್ಷ್ಮವಾಗಿತ್ತು; ಮುಂದಿನ ಮತ್ತು ಹಿಂದಿನ ಆಕ್ಸಲ್ಲುಗಳ ನಡುವೆ 118 ಅಂಗುಲ ಇರುವ ಉದ್ದನೆಯ ವೀಲ್‌ಬೇಸಿನ ಗಾಡಿಯಾದ್ದರಿಂದ ಶಾಫ್ಟಿನ ಓರೆ ಕಡಿಮೆಯಾದದ್ದು ನಮ್ಮ ಪುಣ್ಯ.

ಎಂಜಿನ್ ಬದಲಿಸುವುದೆಂದರೆ ಎಂಜಿನ್ ಒಂದನ್ನೇ ಬದಲಿಸುವುದು ಎಂದು ತಿಳಿದವರಿಗೆ ಒಂದು ಮಾತು ಹೇಳಬೇಕು. ಹಳೆಯ ಎಂಜಿನ್ನಿನ ತಿರುಚುಬಲ (ಟಾರ್ಕ್) 155 ನ್ಯೂಟನ್ ಮೀಟರಿನ ಆಸುಪಾಸಿನದು. ಹೊಸದು 105 ಅಶ್ವಶಕ್ತಿಯದಾಗಿದ್ದು, ನಿಮಿಷಕ್ಕೆ 1,800ರಿಂದ 2,000 ಸುತ್ತಿನೊಳಗೇ 247 ನ್ಯೂಟನ್ ಮೀಟರ್ ಕೊಡುತ್ತದೆ. ಮೂರು ಗೇರಿನ ಹಳೆಯ ಪೆಟ್ಟಿಗೆ ಅದನ್ನು ತಾಳಲಾರದೆಂದು ಥಾರ್‌ನ ಗೇರ್‌ಬಾಕ್ಸನ್ನೇ ಕೂಡಿಸಿದ್ದಾಯಿತು. ಹಿಂದಿನ ಆಕ್ಸಲ್ಲಿನ 5.38ರ ಅನುಪಾತವನ್ನು, ಅಂದರೆ ಶಾಫ್ಟ್ 5.38 ಸುತ್ತಿದರೆ ಗಾಲಿ ಒಂದು ಸುತ್ತುವ ಲೆಕ್ಕವನ್ನು, ಮಾತ್ರ ಮುಟ್ಟಲಿಲ್ಲ. ಹೆದ್ದಾರಿಯಲ್ಲಿ ಓಡುವ ಗಾಡಿಗೆ ಅದು ತೊಡಕಾಗುತ್ತಿತ್ತು. ಕೆಸರು ದಾರಿಯಲ್ಲಿ ಕಬ್ಬು ಹೊತ್ತು ನಿಧಾನವಾಗಿ ಏರುವ ಗಾಡಿಗೆ ಅದೇ ಅನುಕೂಲ. ಡೀಸೆಲ್ಲಿನ ಹೆಚ್ಚಿನ ಭಾರಕ್ಕೆ ಮುಂದಿನ ಕಮಾನಿಗೆ ಒಂದು ಪಟ್ಟಿ ಸೇರಿಸಿದರು. ಕಾಲಿನ ಒತ್ತಡಕ್ಕೆ ಬಲ ಕೂಡಿಸುವ ಬೂಸ್ಟರ್ ಇಲ್ಲದ ಹಳೆಯ ಡ್ರಮ್ ಬ್ರೇಕಿಗೆ ಹೊಸ ಎಂಜಿನ್ನಿನ ವ್ಯಾಕ್ಯೂಮ್ ಪಂಪಿನಿಂದ ಬೂಸ್ಟರ್ ಜೋಡಿಸಿ, ಮುಂದಕ್ಕೂ ಹಿಂದಕ್ಕೂ ಬೇರೆ ಬೇರೆಯಾಗಿ ಒತ್ತಡ ಕೊಡುವ ಮಾಸ್ಟರ್ ಸಿಲಿಂಡರ್ ಹಾಕಿದರು. ಶಕ್ತಿ ಹೆಚ್ಚಿಸಿ ಬ್ರೇಕನ್ನು ಹಾಗೆಯೇ ಬಿಟ್ಟ ಗಾಡಿಗಳನ್ನು ನಾನು ಕಂಡಿದ್ದೇನೆ, ಅದು ಸರಿಯಲ್ಲ. ಪ್ರಾಪೆಲ್ಲರ್ ಶಾಫ್ಟನ್ನು ಅಳತೆಗೆ ತಂದು ಬ್ಯಾಲೆನ್ಸ್ ಮಾಡಿಕೊಟ್ಟ ಮಂಡ್ಯದ ಲೇತ್ ಅಣ್ಣನವರಿಗೂ ನಾನು ಋಣಿ.

ಇದೆಲ್ಲ ಒಂದೇ ಓಟದಲ್ಲಿ ನಡೆಯಲಿಲ್ಲ. 2023ರಲ್ಲಿ ಮಳೆ ಕೈಕೊಟ್ಟು, ಕನ್ನಂಬಾಡಿ ಕಟ್ಟೆ ತುಂಬದೆ, ವಿಶ್ವೇಶ್ವರಯ್ಯ ನಾಲೆಯ ನೀರನ್ನು ನಂಬಿದ್ದ ನಮ್ಮ ಕಬ್ಬು ನಿಂತಲ್ಲೇ ಬಾಡಿತು. ಅರ್ಧ ಬಿಚ್ಚಿದ ಗಾಡಿ ಮೇಸ್ತ್ರಿಗಳ ಗ್ಯಾರೇಜಿನ ಮೂಲೆಯಲ್ಲಿ ನಿಂತಿತು. ಕೊಡಲು ನನ್ನ ಕೈಯಲ್ಲಿ ಕಾಸಿರಲಿಲ್ಲ. ಆ ಕಾಲದಲ್ಲಿ ಅವರು ಜಾಗದ ಬಾಡಿಗೆ ಕೇಳಲಿಲ್ಲ, ಫೋನ್ ಮಾಡಿ ಒತ್ತಾಯಿಸಲಿಲ್ಲ. ತೆರೆದಿದ್ದ ಪೈಪುಗಳ ಬಾಯಿಗೆಲ್ಲ ಬಟ್ಟೆ ತುರುಕಿ, ಮೇಲೆ ಟಾರ್ಪಾಲು ಹೊದಿಸಿ ಇಟ್ಟಿದ್ದರು. ನಮ್ಮ ಪಕ್ಕದ ಗದ್ದೆಯ ಯಜಮಾನರು ಇದ್ದ ಅಲ್ಪಸ್ವಲ್ಪ ಕಬ್ಬನ್ನು ತಮ್ಮ ಟ್ರ್ಯಾಕ್ಟರಿನಲ್ಲಿ ಸಾಗಿಸಿಕೊಟ್ಟು, ಡೀಸೆಲ್ಲಿನ ಹಣವನ್ನಷ್ಟೇ ಪಡೆದರು. 2024ರ ಜುಲೈನಲ್ಲಿ ಕಟ್ಟೆ 124.80 ಅಡಿಗೆ ತುಂಬಿದ ಸುದ್ದಿ ಬಂದಾಗ ನಾನು ಮೊದಲು ತಿಳಿಸಿದ್ದು ಮೇಸ್ತ್ರಿಗಳಿಗೆ. ಹಾಗಾದರೆ ರೇಡಿಯೇಟರಿನ ಕೆಲಸಕ್ಕೆ ಕೈ ಹಾಕೋಣ ಎಂದರು, ಅಷ್ಟೇ.

ಈ ಕಾಲದ ಡೀಸೆಲ್ ಎಂಜಿನ್ ತಂತಿಯಿಲ್ಲದೆ ನಡೆಯುವುದಿಲ್ಲ. ಸಾವಿರ ‘ಬಾರ್’ಗೂ, ಅಂದರೆ ಸುತ್ತಲಿನ ಗಾಳಿಯ ಒತ್ತಡದ ಸುಮಾರು ಸಾವಿರ ಪಟ್ಟಿಗೂ, ಮೀರಿದ ಒತ್ತಡದಲ್ಲಿ ನಿಂತ ಇಂಧನವನ್ನು ಯಾವ ಗಳಿಗೆಯಲ್ಲಿ ಎಷ್ಟು ಸಿಂಪಡಿಸಬೇಕೆಂಬುದನ್ನು ತೀರ್ಮಾನಿಸುವುದು ಇಸಿಯು ಎಂಬ ಎಂಜಿನ್ನಿನ ಪುಟ್ಟ ಕಂಪ್ಯೂಟರು. ಅದಕ್ಕೆ ಕ್ರ್ಯಾಂಕಿನ ಸೆನ್ಸರ್, ಪೆಡಲಿನ ಸೆನ್ಸರ್, ನೀರಿನ ಬಿಸಿಯ ಸೆನ್ಸರ್, ಎಲ್ಲದರ ವರದಿಯೂ ಬೇಕು, ಕಡೆಗೆ ಕೀಲಿಯ ಗುರುತೂ ಹೊಂದಬೇಕು. ನಮ್ಮದೋ 6 ವೋಲ್ಟಿನ ಕಾಲದ ಗಾಡಿ. ಐಟಿಐ ಮುಗಿಸಿದ ಮಂಡ್ಯದ ಹುಡುಗನೊಬ್ಬ ಥಾರ್‌ನ ಇಡೀ ವೈರಿಂಗನ್ನು ನಮ್ಮ ಹಜಾರದಲ್ಲಿ ಹರಡಿ, ಒಂದೊಂದು ತಂತಿಗೂ ಬಿಳಿ ಟೇಪು ಸುತ್ತಿ ಕನ್ನಡದಲ್ಲಿ ಗುರುತು ಬರೆದ. ಬೇಡವಾದ ತಂತಿಗಳನ್ನೂ ಅವನು ಕತ್ತರಿಸಲಿಲ್ಲ. ಮಡಚಿ ಕಟ್ಟಿ ಇಟ್ಟಿದ್ದಾನೆ. ಮೇಸ್ತ್ರಿಗಳ ಗುಣ ಅವನಿಗೂ ಅಂಟಿತೆಂದು ನಾನು ಭಾವಿಸಿದ್ದೇನೆ. ಹಳೆಯ ಡೀಸೆಲ್ಲುಗಳಂತೆ ಎಂಜಿನ್ ಓಡುವಾಗ ಇಂಜೆಕ್ಟರಿನ ಪೈಪು ಸಡಿಲಿಸಿ ಗಾಳಿ ತೆಗೆಯಲು ಯಾರೂ ಹೋಗಬಾರದು, ಆ ಧಾರೆ ಚರ್ಮವನ್ನೇ ಸೀಳಿ ಒಳಗೆ ಹೋಗುತ್ತದೆ ಎಂದು ನಮ್ಮ ಆಳುಗಳನ್ನೆಲ್ಲ ಕೂರಿಸಿ ಹೇಳಿದವನೂ ಅವನೇ. ಇಸಿಯು, ಕೀಲಿ, ಪೆಡಲು, ಮೀಟರುಗಳನ್ನು ಬಿಡಿಬಿಡಿಯಾಗಿ ಮಾರಿದ್ದರೆ ಹೆಚ್ಚು ಹಣ ಮಾಡಿಕೊಳ್ಳಬಹುದಿದ್ದ ಗುಜರಿಯ ಯಜಮಾನರು ಎಲ್ಲವನ್ನೂ ಒಂದೇ ಗಾಡಿಯದಾಗಿ, ಎಂಜಿನ್ ನಂಬರಿನ ಕಾಗದಪತ್ರಗಳ ಸಮೇತ ಕೊಟ್ಟರು. ಅವರಿಗೂ ನಮಸ್ಕಾರ.

ಕಾನೂನಿನ ವಿಷಯದಲ್ಲಿ ನಿಧಾನವಾಗಿ ತಿಳಿಸಿ ಹೇಳಿದ ಸಾರಿಗೆ ಇಲಾಖೆಯ ಅಧಿಕಾರಿಯೊಬ್ಬರನ್ನು ನೆನೆಯದಿದ್ದರೆ ತಪ್ಪಾಗುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದಕ್ಕೆ ಅಡ್ಡ ನಿಲ್ಲುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಗಟ್ಟಿಯಾಗಿ ಹೇಳಿದೆ. 2021ರ ನಿಯಮಗಳಂತೆ 50 ವರ್ಷ ಮೀರಿದ ವಾಹನಕ್ಕೆ ವಿಂಟೇಜ್ ನೋಂದಣಿ ಬೇಕಾದರೂ ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿಯೇ ಇರಬೇಕು. ಆದಕಾರಣ ಈ ಪಿಕಪ್ ನಮ್ಮ ಹಿಡುವಳಿಯ ಬೇಲಿಯೊಳಗೆ ಮಾತ್ರ ಓಡುತ್ತದೆ; ಬೆಲ್ಲ ಮಂಡಿಗೆ ಹೋಗುವುದು ಬೇರೆ ಗಾಡಿಯಲ್ಲಿ. ಮೇಸ್ತ್ರಿಗಳ ಷರತ್ತಿನ ಪೂರ್ತಿ ಬೆಲೆ ನನಗೆ ತಿಳಿದದ್ದು ಆ ಅಧಿಕಾರಿಗಳ ಮಾತು ಕೇಳಿದ ಮೇಲೆ. ಚಾಸಿ ಕತ್ತರಿಸಿದ್ದರೆ ಈ ಗಾಡಿ ಮತ್ತೆಂದೂ ಮೂಲರೂಪಕ್ಕೆ ಬರುವ ಹಾಗಿರಲಿಲ್ಲ. ಈಗ ಹಳೆಯ ಎಂಜಿನ್, ಗೇರ್‌ಬಾಕ್ಸ್, ರೇಡಿಯೇಟರ್, ಬಿಚ್ಚಿದ ಒಂದೊಂದು ಬೋಲ್ಟೂ ಗ್ರೀಸು ಹಚ್ಚಿಸಿಕೊಂಡು ನಮ್ಮ ಅಟ್ಟದಲ್ಲಿಯೂ ಕೊಟ್ಟಿಗೆಯಲ್ಲಿಯೂ ಜೋಪಾನವಾಗಿವೆ.

ಇನ್ನೂ ಕೆಲಸ ಉಳಿದಿದೆ. ಮುಂದಿನ ಗಾಲಿಗಳಿಗೆ ಶಾಫ್ಟ್ ಜೋಡಿಸಿಲ್ಲ, ಅದು ಮುಂದಿನ ಹಂಗಾಮಿನೊಳಗೆ ಆಗಬೇಕು. ಬಿರುಕು ಬಿಟ್ಟ ಹಳೆಯ ಬ್ಲಾಕಿಗೆ ವೆಲ್ಡಿಂಗ್ ಮಾಡದೆ, ಸಾಲಾಗಿ ಪಿನ್ನು ಹೂಡಿ ಹೊಲಿಯುವ ಕೆಲಸ ಬಲ್ಲವರು ಮೈಸೂರು, ಮಂಡ್ಯ ಸುತ್ತಮುತ್ತ ಇದ್ದರೆ ದಯವಿಟ್ಟು ತಿಳಿಸಿ. ಮೌಂಟಿಂಗಿನ ರಟ್ಟಿನ ಅಚ್ಚುಗಳನ್ನೂ ಅಡ್ಡಪಟ್ಟಿಯ ಅಳತೆಗಳನ್ನೂ ಮೇಸ್ತ್ರಿಗಳು ನನ್ನ ಬಳಿಯೇ ಬಿಟ್ಟಿದ್ದಾರೆ, ಕೇಳಿದವರಿಗೆ ಕೊಡಲು ಒಪ್ಪಿಗೆಯನ್ನೂ ಕೊಟ್ಟಿದ್ದಾರೆ. ಇಂತಹದೇ ಗಾಡಿ ಇಟ್ಟುಕೊಂಡು, ಕಟ್ಟರ್ ಹಿಡಿಸಬೇಕೋ ಬೇಡವೋ ಎಂದು ಯೋಚಿಸುತ್ತಿರುವವರು ಮೊದಲು ನಮ್ಮಲ್ಲಿಗೆ ಬಂದು ಆ ಅಳತೆಗಳನ್ನು ತೆಗೆದುಕೊಂಡು ಹೋಗಬೇಕೆಂದು ಕೋರುತ್ತೇನೆ.