ಈ ಸಲದ ನಾಟಕ ನಗಿಸುವುದಿಲ್ಲ

ರಾಜ್ಯೋತ್ಸವಕ್ಕೆ ನಮ್ಮ ನಾಟಕ ತಂಡ ಆರಿಸಿಕೊಂಡ ಕಥೆ ಕೇಳಿ ಸಮಿತಿಯಲ್ಲೇ ಕೆಲವರು ಹಿಂದೆಮುಂದೆ ನೋಡಿದರು. ಆಸ್ಪತ್ರೆಯ ತಪ್ಪಿನಿಂದ ಮಗುವನ್ನು ಕಳೆದುಕೊಂಡ ತಾಯಿ, ಆ ಔಷಧಿ ಕೊಟ್ಟ ನರ್ಸ್, ರಂಗದ ಮೇಲೆ ಇವರಿಬ್ಬರೇ. ಸಂಭ್ರಮದ ದಿನ ಇಂಥದ್ದು ಬೇಕಾ ಅಂದರು. ಬೇಕು ಅನ್ನುವುದು ನನ್ನ ಅಭಿಪ್ರಾಯ.

ನಮ್ಮ ಸಂಘದಲ್ಲಿ ಡಾಕ್ಟರುಗಳು, ನರ್ಸುಗಳು, ಫಾರ್ಮಸಿಯವರು ಬಹಳ ಮಂದಿ ಇದ್ದಾರೆ. ಅವರ ಪಕ್ಕದ ಕುರ್ಚಿಯಲ್ಲೇ, ಊರಲ್ಲೋ ಇಲ್ಲೋ ಆಸ್ಪತ್ರೆಗೆ ಸೇರಿಸಿದ ತಮ್ಮವರಿಗೆ ಕೊನೆಗೆ ಏನಾಯಿತು ಎಂದು ಇವತ್ತಿಗೂ ತಿಳಿಯದವರು ಕೂತಿರುತ್ತಾರೆ. ಊಟದ ಸಾಲಿನಲ್ಲಿ ಒಟ್ಟಿಗೆ ನಿಲ್ಲುವ ನಾವು ಈ ವಿಷಯ ಮಾತ್ರ ಎತ್ತುವುದಿಲ್ಲ.

ಅಮೆರಿಕದಲ್ಲಿ ಇದನ್ನು ಬಾಯಿಬಿಟ್ಟು ಹೇಳಿದ ತಾಯಿಯೊಬ್ಬರಿದ್ದಾರೆ, ಸಾರೆಲ್ ಕಿಂಗ್. ಅವರ ಹದಿನೆಂಟು ತಿಂಗಳ ಮಗಳು ಜೋಸಿ, ಬಿಸಿನೀರಿನಿಂದ ಮೈ ಸುಟ್ಟುಕೊಂಡು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ಸೇರಿದ್ದಳು. ಗಾಯ ವಾಸಿಯಾಗಿ ಇನ್ನೇನು ಮನೆಗೆ ಹೋಗಬೇಕು ಅನ್ನುವಾಗ ಮಗುವಿಗೆ ವಿಪರೀತ ಬಾಯಾರಿಕೆ. ಮೈ ಒರೆಸುವ ಒದ್ದೆ ಬಟ್ಟೆಯನ್ನೇ ಬಾಯಿಗಿಟ್ಟು ಚೀಪಿತು. ಏನೋ ಸರಿಯಿಲ್ಲ ಎಂದು ತಾಯಿ ಹೇಳುತ್ತಲೇ ಇದ್ದರು. ಅದರ ಮೇಲೆ ಮೆಥಡೋನ್ ಎಂಬ ಬಲವಾದ ನೋವಿನ ಔಷಧಿ ಕೊಟ್ಟರು. 2001ರ ಫೆಬ್ರುವರಿಯಲ್ಲಿ ಜೋಸಿ ತೀರಿಕೊಂಡಳು. ಆಸ್ಪತ್ರೆ ತಪ್ಪನ್ನು ಒಪ್ಪಿಕೊಂಡಿತು. ಪರಿಹಾರದ ಹಣದಲ್ಲಿ ಒಂದು ಪಾಲನ್ನು ತಂದೆತಾಯಿ ಅದೇ ಆಸ್ಪತ್ರೆಯ ಮಕ್ಕಳ ಸುರಕ್ಷತೆಯ ಕೆಲಸಕ್ಕೇ ಕೊಟ್ಟರು. ಅಷ್ಟು ದೊಡ್ಡ ಮನಸ್ಸು ಎಲ್ಲರಿಂದಲೂ ಸಾಧ್ಯವಿಲ್ಲ, ಎಲ್ಲರಿಂದ ನಿರೀಕ್ಷಿಸುವುದೂ ನ್ಯಾಯವಲ್ಲ.

ಇಂಥ ತಪ್ಪುಗಳಿಂದ ಅಮೆರಿಕದ ಆಸ್ಪತ್ರೆಗಳಲ್ಲಿ ವರ್ಷಕ್ಕೆ 44,000ದಿಂದ 98,000 ಜನ ಸಾಯುತ್ತಿರಬಹುದು ಎಂದು 1999ರಲ್ಲೇ ಅಲ್ಲಿನ ವೈದ್ಯಕೀಯ ತಜ್ಞರ ಸಂಸ್ಥೆ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಅಂದಾಜು ಮಾಡಿತ್ತು. ಮರುವರ್ಷ ಅಲ್ಲಿನದೇ ವೈದ್ಯ ಡಾ. ಆಲ್ಬರ್ಟ್ ವೂ, ತಪ್ಪು ಮಾಡಿದ ವೈದ್ಯರೂ ಒಳಗೊಳಗೇ ಕುಸಿಯುತ್ತಾರೆ, ಹೇಳಿಕೊಳ್ಳಲು ಅವರಿಗೆ ಜಾಗವಿಲ್ಲ ಎಂದು ಬರೆದರು. ನನಗೆ ಅದು ನಿಜ ಅನಿಸುತ್ತದೆ. ಆದರೆ ಆ ನೋವನ್ನು ತಾಯಿಯ ನೋವಿನ ಸಮಕ್ಕೆ ತೂಗಬಾರದು.

ನಮ್ಮ ನಾಟಕ ಜೋಸಿಯ ಕಥೆಯಲ್ಲ, ನಮ್ಮವರೇ ಹೊಸದಾಗಿ ಬರೆದದ್ದು. ಅದರಲ್ಲಿ ನರ್ಸ್ ಒಂದು ಸಂಜೆ ತಾಯಿಯ ಮನೆಬಾಗಿಲಿಗೆ ಬರುತ್ತಾಳೆ. ತಾಯಿ ಒಳಗೆ ಕರೆಯುವುದಿಲ್ಲ, ಹೋಗು ಎಂದೂ ಅನ್ನುವುದಿಲ್ಲ. "ಅಳಬೇಡ. ಎಷ್ಟು ಗಂಟೆಗೆ ಕೊಟ್ಟೆ, ಯಾರು ಕೊಡು ಅಂದ್ರು, ಮೊದ್ಲು ಅದನ್ನ ಹೇಳು" ಎನ್ನುತ್ತಾಳೆ. ದುಃಖಕ್ಕೆ ಮೊದಲು ಬೇಕಾದದ್ದು ಏನು ನಡೆಯಿತೆಂಬ ನಿಜ. ಕ್ಷಮೆಯ ಮಾತು ಆಮೇಲೆ. ಇಬ್ಬರನ್ನೂ ಕೊನೆಗೆ ತಬ್ಬಿಸಿ ಪರದೆ ಎಳೆಯದ ನಾಟಕಕಾರರ ಸಂಯಮ ನನಗೆ ತುಂಬ ಹಿಡಿಸಿತು.

ನಾಟಕ ಮುಗಿದ ಮೇಲೆ, ಊಟಕ್ಕೆ ಮುಂಚೆ, ಅರ್ಧ ಗಂಟೆ ಮಾತುಕತೆಗೆ ಬಿಟ್ಟಿದ್ದೇವೆ. ಆಸ್ಪತ್ರೆಗಳಲ್ಲಿ ಕೆಲಸ ಮಾಡುವವರು ದಯವಿಟ್ಟು ಎದ್ದು ಹೋಗಬೇಡಿ. ಮಾತಾಡಲೇಬೇಕು ಎಂದೇನಿಲ್ಲ, ಕೇಳಿಸಿಕೊಂಡರೂ ಸಾಕು. ಚಿಕ್ಕ ಮಕ್ಕಳಿಗೆ ಆ ಹೊತ್ತಿನಲ್ಲಿ ಪಕ್ಕದ ಕೋಣೆಯಲ್ಲಿ ಚಿತ್ರ ಬರೆಸುವ ವ್ಯವಸ್ಥೆ ಇದೆ.