ಎಂಬಿಎ ಅರ್ಥಶಾಸ್ತ್ರ: ವ್ಯಾಖ್ಯೆ ಸಾಕು, ಲೆಕ್ಕ ಕೊಡಿ

ಸಂಪಾದಕರಿಗೆ,

ಎಂಬಿಎ ಮೊದಲ ಸೆಮಿಸ್ಟರಿನ ಅರ್ಥಶಾಸ್ತ್ರದ ಪ್ರಶ್ನೆಪತ್ರಿಕೆ ‘ವ್ಯವಸ್ಥಾಪಕೀಯ ಅರ್ಥಶಾಸ್ತ್ರದ ಸ್ವರೂಪ ಮತ್ತು ವ್ಯಾಪ್ತಿಯನ್ನು ವಿವರಿಸಿ’ ಎಂದೇ ಶುರುವಾಗಬೇಕು ಅನ್ನುವ ಕಾನೂನೇನೂ ಇಲ್ಲ. ಆದರೂ ಬಹಳ ಕಡೆ ಹಾಗೇ ಶುರುವಾಗುತ್ತದೆ. ಉತ್ತರವೂ ಗೈಡಿನಲ್ಲಿರುವ ಅದೇ ಎಂಟು ಅಂಶಗಳು. ಇಡೀ ಕೋರ್ಸಿನಲ್ಲಿ ಬೆಲೆ ನಿಗದಿ ಹೇಗೆ, ಯಾವ ಆರ್ಡರ್ ಒಪ್ಪಬೇಕು, ಯಾವುದನ್ನು ಬಿಡಬೇಕು ಎಂದು ನೇರವಾಗಿ ಕಲಿಸಬಲ್ಲ ಪತ್ರಿಕೆ ಇದು. ಕನಿಷ್ಠ ಅರ್ಧದಷ್ಟು ಅಂಕಗಳಾದರೂ ಅಂಕಿ ಅಂಶ ಕೊಟ್ಟು ಕೇಳುವ ಪ್ರಶ್ನೆಗಳಿಗೆ ಮೀಸಲಾಗಬೇಕು ಎಂಬುದು ಈ ವಿಷಯ ಪಾಠ ಮಾಡುವ ನಮ್ಮ ಒತ್ತಾಯ. ಯಾಕೆ ಅಂತ ಹೇಳಲು ಹಾಲಿನ ಪ್ಯಾಕೆಟ್ ಒಂದೇ ಸಾಕು.

2024ರ ಜೂನ್‌ನಲ್ಲಿ ನಂದಿನಿ ಟೋನ್ಡ್ ಹಾಲಿನ ಅರ್ಧ ಲೀಟರ್ ಪ್ಯಾಕೆಟ್‌ಗೆ 50 ಮಿ.ಲೀ. ಸೇರಿಸಿ 550 ಮಿ.ಲೀ. ಮಾಡಿದರು, ಬೆಲೆ 22ರಿಂದ 24 ರೂಪಾಯಿಗೆ ಏರಿತು. 2025ರ ಏಪ್ರಿಲ್‌ನಲ್ಲಿ ಆ 50 ಮಿ.ಲೀ. ವಾಪಸ್ ಹೋಯಿತು, ಪ್ಯಾಕೆಟ್ ಮೇಲಿನ ಬೆಲೆ ಮಾತ್ರ 24 ರೂಪಾಯಿಯಲ್ಲೇ ನಿಂತಿತು. ಈಗ ಬೇಡಿಕೆಯ ಸ್ಥಿತಿಸ್ಥಾಪಕತ್ವ (ಕೊಳ್ಳುವ ಪ್ರಮಾಣದ ಶೇಕಡಾ ಬದಲಾವಣೆಯನ್ನು ಬೆಲೆಯ ಶೇಕಡಾ ಬದಲಾವಣೆಯಿಂದ ಭಾಗಿಸಿದರೆ ಬರುವುದು) ಕಂಡುಹಿಡಿಯಿರಿ ಎಂದರೆ ಸೂತ್ರವನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿ ‘ಬೆಲೆಯಲ್ಲಿ ಬದಲಾವಣೆ ಸೊನ್ನೆ’ ಎಂದು ಬರೆದು, ಸೊನ್ನೆಯಿಂದ ಭಾಗಿಸಲು ಹೋಗಿ ಸಿಕ್ಕಿಬೀಳುತ್ತಾನೆ. ಮೊದಲ ಹೆಜ್ಜೆ ಏಕಮಾನ ಸರಿಮಾಡಿಕೊಳ್ಳುವುದು. ಲೀಟರಿಗೆ 43.64 ರೂಪಾಯಿ ಇದ್ದದ್ದು 48 ಆಗಿದೆ, ಅಂದರೆ ಶೇ 10 ಏರಿಕೆ. ದಿನಕ್ಕೆ ಎರಡು ಪ್ಯಾಕೆಟ್ ತರುವ ಮನೆ ಈಗಲೂ ಎರಡೇ ತಂದರೆ ಬಳಕೆ 1.1 ಲೀಟರಿನಿಂದ 1 ಲೀಟರಿಗೆ ಇಳಿಯುತ್ತದೆ, ಶೇ 9.09. ಭಾಗಿಸಿದರೆ −0.91. ಆದರೆ ಆ ಮನೆಯ ಖರ್ಚು ಮೊದಲೂ 48 ರೂಪಾಯಿ, ಈಗಲೂ 48 ರೂಪಾಯಿ. ಖರ್ಚು ಬದಲಾಗದಿದ್ದರೆ ಸ್ಥಿತಿಸ್ಥಾಪಕತ್ವ −1 ಬರಬೇಕು. ತಪ್ಪಿದ್ದೆಲ್ಲಿ? ಶೇಕಡಾವಾರನ್ನು ಹಳೆಯ ಬೆಲೆಯ ಮೇಲೆ, ಹಳೆಯ ಪ್ರಮಾಣದ ಮೇಲೆ ಹಾಕಿದ್ದರಲ್ಲಿ. ಎರಡು ಬೆಲೆಗಳ ಸರಾಸರಿ 45.82, ಎರಡು ಪ್ರಮಾಣಗಳ ಸರಾಸರಿ 1.05; ಅವುಗಳ ಮೇಲೆ ಲೆಕ್ಕ ಹಾಕಿದರೆ ಎರಡೂ ಕಡೆ ಶೇ 9.52 ಬಂದು ಉತ್ತರ ಸರಿಯಾಗಿ −1ಕ್ಕೆ ಕೂರುತ್ತದೆ. ಹೀಗೆ ಸರಾಸರಿಯ ಮೇಲೆ ಲೆಕ್ಕ ಹಾಕುವ ಮಧ್ಯಬಿಂದು ವಿಧಾನ ಯಾಕೆ ಬೇಕು ಎಂದು ಎರಡು ಪುಟ ಬರೆಸುವುದಕ್ಕಿಂತ ಇದು ವಾಸಿ. ಆ ಮನೆಯವರು ಹಾಲು ಕಡಿಮೆ ಮಾಡೋಣ ಎಂದು ತೀರ್ಮಾನಿಸಿದ್ದರೇ ಅಥವಾ ಪ್ಯಾಕೆಟ್ಟಿನ ಗಾತ್ರವೇ ಅವರ ಪರವಾಗಿ ತೀರ್ಮಾನಿಸಿತೇ ಎಂಬ ಚರ್ಚೆಯೂ ಅಲ್ಲಿಂದಲೇ ಹುಟ್ಟುತ್ತದೆ.

ಎರಡನೇ ತೊಡಕು ‘ಮಾರ್ಜಿನಲ್’ ಎಂಬ ಪದದ್ದು. ಅಂಗಡಿಯವರ ಬಾಯಲ್ಲಿ ಮಾರ್ಜಿನ್ ಎಂದರೆ ಲಾಭ. ಕಾಸ್ಟ್ ಅಕೌಂಟಿಂಗ್ ಪುಸ್ತಕದಲ್ಲಿ ಮಾರ್ಜಿನಲ್ ಕಾಸ್ಟ್ ಎಂದರೆ ಒಂದು ಯೂನಿಟ್ಟಿನ ಮೇಲೆ ಬೀಳುವ ಬದಲಾಗುವ ವೆಚ್ಚ, ಎಷ್ಟು ತಯಾರಿಸಿದರೂ ಅಷ್ಟೇ ಎಂದು ಹಿಡಿಯುತ್ತಾರೆ. ಅರ್ಥಶಾಸ್ತ್ರದ ಸೀಮಾಂತ ವೆಚ್ಚ ಇನ್ನೊಂದು ಯೂನಿಟ್ ತಯಾರಿಸಿದರೆ ಒಟ್ಟು ವೆಚ್ಚ ಎಷ್ಟು ಏರುತ್ತದೆ ಎಂಬುದು. ಅದು ಪ್ರಮಾಣದ ಜೊತೆ ಬದಲಾಗುತ್ತಾ ಹೋಗುತ್ತದೆ. ಎರಡೂ ಪತ್ರಿಕೆಗಳು ಒಂದರ ಬೆನ್ನಿಗೆ ಒಂದು ಬರುತ್ತವೆ. ಎರಡೂ ಒಂದೇ ಅಲ್ಲ ಎಂದು ಯಾರಾದರೂ ಹೇಳದಿದ್ದರೆ ಹುಡುಗರಿಗೆ ಗೊತ್ತಾಗುವುದಾದರೂ ಹೇಗೆ?

ಒಂದು ದರ್ಶಿನಿ ಎಂದುಕೊಳ್ಳಿ. ಇಡ್ಲಿ ಪ್ಲೇಟ್‌ಗೆ 40 ರೂಪಾಯಿ. ಅಕ್ಕಿ, ಉದ್ದು, ಗ್ಯಾಸ್, ಚಟ್ನಿಗೆ 18. ಬಾಡಿಗೆ, ಸಂಬಳ ಹಂಚಿದರೆ ಪ್ಲೇಟಿಗೆ 14. ಸರಾಸರಿ ವೆಚ್ಚ 32. ಪಕ್ಕದ ಕಚೇರಿಯವರು ಪ್ಲೇಟಿಗೆ 25ರಂತೆ ನೂರು ಪ್ಲೇಟ್ ಕೇಳುತ್ತಾರೆ. ‘32 ವೆಚ್ಚದ್ದನ್ನು 25ಕ್ಕೆ ಕೊಟ್ಟರೆ ನಷ್ಟ’ ಎನ್ನುವ ಉತ್ತರವೇ ಹೆಚ್ಚು ಬರುವುದು. ಆರ್ಡರ್ ಬಿಟ್ಟರೂ ಬಾಡಿಗೆ ಕಟ್ಟಲೇಬೇಕಲ್ಲ! ಮಧ್ಯಾಹ್ನ ಮೂರರಿಂದ ಐದರವರೆಗೆ ಒಲೆಯೂ ಭಟ್ಟರೂ ಖಾಲಿ ಇದ್ದರೆ ಪ್ಲೇಟಿಗೆ 7ರಂತೆ 700 ರೂಪಾಯಿ ಕೈಗೆ ಉಳಿಯುತ್ತದೆ. ಅದಕ್ಕೆಂದೇ 600 ರೂಪಾಯಿ ಕೂಲಿಗೆ ಇನ್ನೊಬ್ಬರನ್ನು ಕರೆಯಬೇಕಾದರೆ ಉಳಿಯುವುದು 100. ಇದೇ ಆರ್ಡರ್ ಬೆಳಿಗ್ಗೆ ಎಂಟೂವರೆಗೆ ಬಂದರೆ? ಆಗ ಕೊಡುವ ಒಂದೊಂದು ಪ್ಲೇಟೂ ಕ್ಯೂನಲ್ಲಿ ನಿಂತ ಗಿರಾಕಿಯದ್ದು, ಅವನಿಂದ 22 ರೂಪಾಯಿ ಉಳಿಯುತ್ತಿತ್ತು. ಹೀಗೆ ಬಿಟ್ಟುಕೊಟ್ಟ ಗಳಿಕೆಯನ್ನು, ಅಂದರೆ ಅವಕಾಶ ವೆಚ್ಚವನ್ನು, ಸೇರಿಸಿದರೆ ಪ್ಲೇಟಿಗೆ 15 ರೂಪಾಯಿ ಕೈತಪ್ಪುತ್ತದೆ. ಕಚೇರಿಯವರು 25ಕ್ಕೆ ತಿಂದ ಸುದ್ದಿ ಮಾಮೂಲಿ ಗಿರಾಕಿಗಳ ಕಿವಿಗೆ ಬಿದ್ದರೆ ಆಗುವುದೇ ಬೇರೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮೂರನೆಯದು ಬೇಡಿಕೆ ಅಂದಾಜಿನ ಅಸೈನ್‌ಮೆಂಟ್. ಕೋಲಾರ ಎಪಿಎಂಸಿಯ ಟೊಮೆಟೊ ಆವಕ ಮತ್ತು ಧಾರಣೆ ಇಳಿಸಿಕೊಂಡು, ಎಕ್ಸೆಲ್‌ನಲ್ಲಿ ಗೆರೆ ಎಳೆದು, ‘ಇದೇ ಬೇಡಿಕೆ ರೇಖೆ’ ಎಂದು ಸಲ್ಲಿಸುತ್ತಾರೆ. ಅದು ಬೇಡಿಕೆ ರೇಖೆಯಲ್ಲ; ಯಾವ ಬೆಲೆಗೆ ಗಿರಾಕಿಗಳು ಎಷ್ಟು ಕೊಳ್ಳುತ್ತಾರೆ ಎಂದು ತೋರಿಸುವ ಗೆರೆ ಬೇಡಿಕೆ ರೇಖೆ. 2023ರ ಜುಲೈಯಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿದ್ದು ಮಾಲು ಕಡಿಮೆಯಾಗಿ. ಅಂಥ ದಿನಗಳಲ್ಲಿ ಬದಲಾಗುವುದು ಪೂರೈಕೆ, ಹಾಗಾಗಿ ಅವುಗಳ ಚುಕ್ಕಿಗಳು ಬೇಡಿಕೆಯನ್ನು ತೋರಿಸುತ್ತವೆ. ಹೊರರಾಜ್ಯದ ಖರೀದಿ ಜೋರಾಗಿ ಬೆಲೆ ಏರಿದ ದಿನಗಳ ಚುಕ್ಕಿಗಳು ತೋರಿಸುವುದು ಪೂರೈಕೆಯನ್ನು. ಎರಡನ್ನೂ ಕಲಸಿ ಎಳೆದ ಗೆರೆ ಎರಡೂ ಅಲ್ಲ, ಗೆರೆ ಚುಕ್ಕಿಗಳಿಗೆ ಎಷ್ಟು ಹೊಂದುತ್ತದೆ ಎಂದು ಹೇಳುವ ಆರ್-ಸ್ಕ್ವೇರ್ಡ್ ಎಷ್ಟೇ ಚೆನ್ನಾಗಿ ಬಂದಿರಲಿ. ಬೇಡಿಕೆ ರೇಖೆ ಬೇಕಾದರೆ ಪೂರೈಕೆಯನ್ನು ಮಾತ್ರ ಅಲುಗಾಡಿಸುವ ಒಂದು ಚಲಕ (ಬದಲಾಗುವ ಅಂಶ) ಹುಡುಕಬೇಕು. ಕೊಯ್ಲಿನ ವಾರ ಕೋಲಾರದ ಸುತ್ತ ಬಿದ್ದ ಮಳೆ ಅಂಥದ್ದು: ಅದು ಮಂಡಿಗೆ ಬರುವ ಮಾಲನ್ನು ತಡೆಯುತ್ತದೆಯೇ ಹೊರತು ದೂರದ ಊರಿನ ಅಡುಗೆಮನೆಯ ಹಸಿವನ್ನಲ್ಲ.

ಇಡೀ ದೇಶದ ಆರ್ಥಿಕತೆಯನ್ನು ನೋಡುವ ಸಮಷ್ಟಿ ಅರ್ಥಶಾಸ್ತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜಿಡಿಪಿಯ ವ್ಯಾಖ್ಯೆ ಬರೆಸುವ ಬದಲು, ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಅಲ್ಪಾವಧಿ ಸಾಲ ಕೊಡುವ ಬಡ್ಡಿಯಾದ ರೆಪೊ ದರ ಶೇಕಡಾ 0.25 ಅಂಶ ಇಳಿದು ಗೃಹಸಾಲದ ಬಡ್ಡಿಯೂ 8.5ರಿಂದ 8.25ಕ್ಕೆ ಬಂದರೆ 50 ಲಕ್ಷದ, 20 ವರ್ಷದ ಸಾಲದ ಕಂತು 43,391ರಿಂದ 42,603ಕ್ಕೆ ಇಳಿಯುತ್ತದೆ ಎಂದು ಮಾಡಿಸಿದರೆ ಸಾಕು. ಹೊಸ ಗೃಹಸಾಲಗಳ ಫ್ಲೋಟಿಂಗ್ ಬಡ್ಡಿಯನ್ನು 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ರೆಪೊದಂಥ ಹೊರಗಿನ ಮಾನದಂಡಕ್ಕೆ ಜೋಡಿಸಲೇಬೇಕಾಗಿರುವುದರ ಅರ್ಥ ಆಗ ತಾನಾಗಿಯೇ ಹೊಳೆಯುತ್ತದೆ.

‘ಬಿ.ಕಾಂ.ನಿಂದ ಬಂದವರಿಗೆ ಕ್ಯಾಲ್ಕುಲಸ್ ಬರುವುದಿಲ್ಲ’ ಎಂಬ ಆಕ್ಷೇಪ ಬಂದೇ ಬರುತ್ತದೆ. ಮೇಲಿನ ಯಾವ ಲೆಕ್ಕಕ್ಕೂ ಅದು ಬೇಕಿಲ್ಲ. ಪ್ರಮಾಣ, ಬೆಲೆ, ಒಟ್ಟು ಆದಾಯ, ಒಟ್ಟು ವೆಚ್ಚ ಎಂದು ಐದು ಸಾಲಿನ ಕೋಷ್ಟಕ ಕೊಟ್ಟು, ಕೆಳಗಿನ ಸಾಲಿನಿಂದ ಮೇಲಿನದನ್ನು ಕಳೆಯಿರಿ ಎಂದರೆ ಸೀಮಾಂತ ಆದಾಯವೂ ಸೀಮಾಂತ ವೆಚ್ಚವೂ ಸಿಗುತ್ತವೆ. ನಿಜ ಹೇಳಬೇಕೆಂದರೆ ಎಂಜಿನಿಯರಿಂಗ್ ಮುಗಿಸಿ ಬಂದವರು ಸಲೀಸಾಗಿ ಡಿಫರೆನ್ಷಿಯೇಟ್ ಮಾಡಿ, ಬಾಡಿಗೆಯನ್ನು ಬದಲಾಗುವ ವೆಚ್ಚಕ್ಕೆ ಸೇರಿಸಿಬಿಡುತ್ತಾರೆ. ಬಿ.ಕಾಂ. ಮಕ್ಕಳು ಅಲ್ಲಿ ಎಡವುವುದು ಕಡಿಮೆ.

ಪಠ್ಯಕ್ರಮ ಬದಲಿಸಲು ವರ್ಷಗಳು ಬೇಕಾಗಬಹುದು, ಪ್ರಶ್ನೆಪತ್ರಿಕೆ ಬದಲಿಸಲು ಬೇಡ. ಕ್ಯಾಲ್ಕುಲೇಟರ್‌ಗೆ ಅನುಮತಿ ಕೊಡಿ, ಸೂತ್ರಗಳನ್ನು ಪ್ರಶ್ನೆಪತ್ರಿಕೆಯ ಕೊನೆಯಲ್ಲಿ ಅಚ್ಚು ಹಾಕಿಬಿಡಿ. ಮೌಲ್ಯಮಾಪಕರಿಗೆ ಕೊಡುವ ಸ್ಕೀಮಿನಲ್ಲಿ ಹತ್ತು ಅಂಕವನ್ನು ಒಡೆದು ತೋರಿಸಿ: ಇಡ್ಲಿ ಆರ್ಡರಿಗೆ ‘700 ರೂಪಾಯಿ ಉಳಿಯುತ್ತದೆ, ಒಪ್ಪಬಹುದು’ ಎಂದಷ್ಟೇ ಬರೆದವರಿಗೆ ನಾಲ್ಕು, ‘ಮಧ್ಯಾಹ್ನವಾದರೆ ಮಾತ್ರ’ ಎಂದು ಸೇರಿಸಿ ಬೆಳಗಿನ ಲೆಕ್ಕವನ್ನೂ ತೋರಿಸಿದವರಿಗೆ ಉಳಿದ ಆರು.

ಇತಿ,
ಎಂಬಿಎ ಅರ್ಥಶಾಸ್ತ್ರ ಬೋಧಕರು, ಬೆಂಗಳೂರು