ಕರೆಂಟು, ರೇಡಿಯಂ ಮತ್ತು ನೀನು ಕೇಳಿದ ಪ್ರಶ್ನೆ

ಗೆಳೆಯಾ,

ನಿನ್ನೆ ಫೋನಿನಲ್ಲಿ ನಿನಗೆ ಸರಿಯಾಗಿ ಉತ್ತರ ಕೊಡಲಿಲ್ಲ, ಬಸ್ಸಿನಲ್ಲಿದ್ದೆ. ನಿನ್ನ ಅಮ್ಮನಿಗೆ ರೇಡಿಯೇಶನ್, ಅಂದರೆ ಕಿರಣ ಬಿಟ್ಟು ಮಾಡುವ ಚಿಕಿತ್ಸೆ ಶುರುವಾಗಿದೆ, ಪಕ್ಕದ ಮನೆಯವರು "ಕರೆಂಟ್ ಕೊಡ್ತಿದ್ದಾರಂತೆ, ಮಗೂನ ಹತ್ರ ಬಿಡಬೇಡಿ" ಅಂದರು, ಮಗಳನ್ನು ಅಜ್ಜಿ ಜೊತೆ ಮಲಗಿಸಬಹುದಾ ಅಂತ ಕೇಳಿದೆ ಅಲ್ವಾ?

ಈ ಭಯದ ಅರ್ಧ ಪಾಲು 'ರೇಡಿಯೇಶನ್' ಅನ್ನೋ ಪದದ್ದೇ ಕಣೋ. ಅದರ ಬೇರು ಲ್ಯಾಟಿನ್‌ನ 'ರೇಡಿಯಸ್', ಅಂದರೆ ಚಕ್ರದ ಕಡ್ಡಿ, ಬೆಳಕಿನ ಕಿರಣಕ್ಕೂ ಅದೇ ಹೆಸರು. ನಡುವಿನಿಂದ ಸುತ್ತಲೂ ಹೊರಡುವುದು, ಅಷ್ಟೇ. ರೇಡಿಯೋ, ರೇಡಿಯಂ, ಮುಂಗೈಯಲ್ಲಿ ಹೆಬ್ಬೆರಳ ಕಡೆಗಿರುವ ರೇಡಿಯಸ್ ಮೂಳೆ, ಎಲ್ಲ ಒಂದೇ ಮನೆತನ. ನಮ್ಮ 'ವಿಕಿರಣ'ದ ಬೇರು ಮಾತ್ರ ಬೇರೆ, ಸಂಸ್ಕೃತದಲ್ಲಿ ಅದು ಎರಚುವುದು, ಚೆಲ್ಲುವುದು. ಕಿರಣ, ಸಂಕೀರ್ಣ ಕೂಡ ಅಲ್ಲಿಂದಲೇ ಬಂದವು. ನನಗೇನೋ ನಮ್ಮ ಪದವೇ ಚೆಂದ ಅನಿಸುತ್ತದೆ. ಬಿಸಿಲೂ ವಿಕಿರಣ, ಒಲೆಯ ಮುಂದೆ ಮುಖಕ್ಕೆ ತಾಗುವ ಶಾಖವೂ ವಿಕಿರಣವೇ.

ಹೆದರಿಸುವುದು ಇನ್ನೊಂದು ಪದ, ರೇಡಿಯೋಆಕ್ಟಿವ್. ಯುರೇನಿಯಂ ತಾನಾಗಿಯೇ ಕಿರಣ ಬಿಡುತ್ತದೆ ಅಂತ ಫ್ರಾನ್ಸಿನ ವಿಜ್ಞಾನಿ ಬೆಕೆರೆಲ್ 1896ರಲ್ಲಿ ಕಂಡಿದ್ದ. ಅಂಥ ಗುಣಕ್ಕೆ ಈ ಹೆಸರಿಟ್ಟವರು ಮೇರಿ ಕ್ಯೂರಿ ಮತ್ತು ಪಿಯರ್ ಕ್ಯೂರಿ, 1898ರ ಜುಲೈನಲ್ಲಿ. ಅದೇ ವರ್ಷ ಡಿಸೆಂಬರ್‌ನಲ್ಲಿ ರೇಡಿಯಂ ಸಿಕ್ಕಿತು. ಮುಂದೆ ಗಡಿಯಾರದ ಮುಳ್ಳು ಕತ್ತಲಲ್ಲಿ ಹೊಳೆಯಲಿ ಅಂತ ರೇಡಿಯಂ ಬೆರೆಸಿದ ಬಣ್ಣ ಬಳಿದರು. ಈಗ ನಮ್ಮೂರಲ್ಲಿ ಆಟೋ ಹಿಂದೆ ಮಿಂಚುವ ಸ್ಟಿಕ್ಕರ್‌ಗೂ ಎಲ್ಲರೂ ರೇಡಿಯಂ ಅಂತಲೇ ಅನ್ನುತ್ತಾರೆ, ಅದರಲ್ಲಿ ರೇಡಿಯಂ ಒಂದು ಚೂರೂ ಇಲ್ಲ! ಹೆದರಬೇಕಾದ ಹೆಸರನ್ನು ಬೈಕಿಗೆ ಸುಮ್ನೆ ಅಂಟಿಸಿಕೊಂಡು ಓಡಾಡುತ್ತೇವೆ, ಅಮ್ಮನ ಪಕ್ಕ ಕೂರಲು ಹೆದರುತ್ತೇವೆ.

ಕನ್ನಡ ಪಠ್ಯದಲ್ಲಿ ಇದಕ್ಕೆ 'ವಿಕಿರಣಪಟು' ಅಂತಿತ್ತು, ನೆನಪಿದೆಯಾ? ಅಂದರೆ ತಾನೇ ಕಿರಣ ಸೂಸುವ ವಸ್ತು. ಅಮ್ಮ ಹಾಗಾಗುವುದಿಲ್ಲ. ಹೊರಗಿನ ಮಷಿನ್‌ನಿಂದ ಕಿರಣ ಬಿಡುತ್ತಾರೆ, ಅದು ನಿಂತ ಮೇಲೆ ಅಮ್ಮನ ಮೈಯಲ್ಲಿ ಏನೂ ಉಳಿಯುವುದಿಲ್ಲ. ಎಕ್ಸ್‌ರೇ ತೆಗೆಸಿಕೊಂಡು ಬಂದವರನ್ನು ನೀನು ದೂರ ಕೂರಿಸುತ್ತೀಯಾ? ಆದರೆ ಕೆಲವರಿಗೆ ವಿಕಿರಣ ಸೂಸುವ ಔಷಧಿಯನ್ನೇ ನುಂಗಿಸುತ್ತಾರೆ, ಅಥವಾ ಅಂಥ ಚೂರನ್ನು ಮೈಯೊಳಗೇ ಇಡುತ್ತಾರೆ, ಆಗ ಕೆಲವು ದಿನ ಮಕ್ಕಳಿಂದ ದೂರ ಇರಿ ಅಂತ ಹೇಳುವುದುಂಟು. ಅಮ್ಮನದು ಮಷಿನ್‌ದೇ ಅಂದೆಯಲ್ಲ. ಆದರೂ ನಾಳೆ ಡಾಕ್ಟರನ್ನು ಒಂದು ಮಾತು ಕೇಳಿಬಿಡು, ನಿನಗೂ ನೆಮ್ಮದಿ.

ಸುಸ್ತು ಜಾಸ್ತಿ ಇರುತ್ತದೆ, ಅದಕ್ಕೆ ಮಗಳು ರಾತ್ರಿ ಒದೆಯದಂತೆ ನೋಡಿಕೋ. ಶನಿವಾರ ಬರುತ್ತೇನೆ, ಅಮ್ಮನಿಗೆ ಈಗ ಏನು ಸೇರುತ್ತದೆ ಅಂತ ಮೆಸೇಜ್ ಹಾಕು.

ನಿನ್ನವ